ನಾಳೆಗೆ ಹಾಕಲೇ?

ಆ ಮನೆಯಲ್ಲಿ ಗೋಡೆ ಗಡಿಯಾರಗಳೇ ನಾಲ್ಕು. ನಡುಮನೆಗೆ ಒಂದು, ಅಡುಗೆಮನೆಗೆ ಒಂದು, ಮಲಗುವ ಕೋಣೆಗೆ ಒಂದು. ನಾಲ್ಕನೆಯದು ಬಚ್ಚಲಮನೆಯ ಬಾಗಿಲಿಗೆ ಎದುರಾಗಿ, ಒಳಗೆ ಹೋದವರು ಎಷ್ಟು ಹೊತ್ತು ಮಾಡಿದರು ಅಂತ ನೋಡುವುದಕ್ಕೆ. ಇಷ್ಟು ಹೇಳಿದ ಮೇಲೆ ಮನೆಯ ಯಜಮಾನರು ಎಂಥವರು ಅಂತ ಬಿಡಿಸಿ ಹೇಳಬೇಕಾಗಿಲ್ಲ. ಬೋಲ್ಟು ನಟ್ಟು ತಯಾರಿಸುವ ಕಾರ್ಖಾನೆಯಲ್ಲಿ ಮೂವತ್ನಾಲ್ಕು ವರ್ಷ ಟೈಮ್‌ಕೀಪರ್ ಆಗಿದ್ದವರು. ಬೆಳಗ್ಗೆ ಎಂಟಕ್ಕೆ ಸೈರನ್ನಿನ ಗುಂಡಿ ಒತ್ತುತ್ತಿದ್ದುದು ಅವರ ಬೆರಳೇ. ಹಾಗಾಗಿ ಅಲ್ಲಿಯೂ, ಈಗ ವಾಸವಿರುವ ಈ ಮೂರು ಮಹಡಿಯ ಕಟ್ಟಡದಲ್ಲಿಯೂ ಜನ ಅವರನ್ನು ಎದುರಿಗೆ ಸಾರ್ ಅನ್ನುತ್ತಾರೆ, ಬೆನ್ನ ಹಿಂದೆ ಸೈರನ್ ಅನ್ನುತ್ತಾರೆ.

ಆದರೆ ಇದು ಸೈರನ್ ಸಾಹೇಬರ ಕಥೆಯಲ್ಲ, ಅವರ ಹೆಂಡತಿಯದು. ಬೀದಿಯವರಿಗೆಲ್ಲ ಅವಳು ಹೊಲಿಗೆಯಮ್ಮ. ರಸ್ತೆಯ ತುದಿಯ ಸಿದ್ಧ ಉಡುಪಿನ ಅಂಗಡಿಯವನು ವಾರಕ್ಕೆರಡು ಸಲ ಗಂಟು ತಂದುಕೊಡುತ್ತಾನೆ. ಪ್ಯಾಂಟಿನ ಕಾಲು ಗಿಡ್ಡ ಮಾಡುವುದು, ಸೊಂಟ ಸಡಿಲ ಮಾಡುವುದು, ಗುಂಡಿಗೆ ಕಾಜಾ ಹೊಲಿಯುವುದು, ಕಿತ್ತುಹೋದ ಜಿಪ್ಪು ಬದಲಾಯಿಸುವುದು, ಇವು ಅವಳ ಕೆಲಸ. ಕಿಟಕಿಯ ಪಕ್ಕ ಮಿಷನ್ನು, ಮಿಷನ್ನಿನ ಪಕ್ಕ ದಾರದ ಡಬ್ಬಿ, ಡಬ್ಬಿಯ ಮೇಲೆ ಫೋನು. ಆ ಫೋನು ಅಲ್ಲಿಗೆ ಬಂದದ್ದೇ ತಾಪತ್ರಯ.

ಸಾಹೇಬರು ನಿವೃತ್ತರಾದ ಮೊದಲ ತಿಂಗಳು ಮನೆ ಮನೆಯಾಗಿ ಉಳಿಯಲಿಲ್ಲ. ಹಾಲು ಎಷ್ಟು ನಿಮಿಷಕ್ಕೆ ಉಕ್ಕುತ್ತದೆ ಅಂತ ಒಲೆಯ ಪಕ್ಕ ನಿಂತು ನೋಡುವುದು, ಒಂದು ಪ್ಯಾಂಟಿಗೆ ಇಪ್ಪತ್ತೆರಡು ನಿಮಿಷ, ಇನ್ನೊಂದಕ್ಕೆ ಮೂವತ್ತು, ಯಾಕೆ ಅಂತ ಕೇಳುವುದು. ಅವಳ ತಲೆ ಚಿಟ್ಟು ಹಿಡಿದುಹೋಯಿತು. ಊರಿನ ಆಚೆ ಬದಿಯಲ್ಲಿ ಸಂಸಾರ ಹೂಡಿದ್ದ ಮಗಳು ಒಂದು ಸಲ ಬಂದವಳು ಅಮ್ಮನ ಮುಖ ನೋಡಿ ಕನಿಕರಪಟ್ಟು, ಇಬ್ಬರ ಫೋನಿಗೂ ಒಂದು ಆ್ಯಪ್ ಹಾಕಿಕೊಟ್ಟು ಹೋದಳು. ಅಪ್ಪನಿಗೆ ಹೊತ್ತು ಹೋಗುತ್ತೆ, ನಿನಗೂ ಉಸಿರಾಡೋಕೆ ಸಂದು ಸಿಗುತ್ತೆ ಅಂದಳು. ಮಗಳ ಮನಸ್ಸು ಒಳ್ಳೆಯದೇ. ಅದನ್ನು ನೆನೆದೇ ಅವಳು ಇವತ್ತಿಗೂ ಮಗಳನ್ನು ಬಯ್ಯುವುದಿಲ್ಲ, ಹಲ್ಲು ಕಚ್ಚಿಕೊಳ್ಳುತ್ತಾಳೆ ಅಷ್ಟೆ.

ಆ್ಯಪ್ಪಿನಲ್ಲಿ ಬ್ರಹ್ಮವಿದ್ಯೆ ಏನೂ ಇಲ್ಲ. ಏನು ಕೆಲಸ, ಯಾರು ಮಾಡಬೇಕು, ಯಾವತ್ತು, ಅಂತ ಬರೆದಿಡುವುದು. ಮುಗಿದಾಗ ಪಕ್ಕದ ಸೊನ್ನೆಯ ಮೇಲೆ ಬೆರಳಿಟ್ಟರೆ ಇಬ್ಬರ ಫೋನಿನಲ್ಲೂ ಟಿಂಗ್ ಅನ್ನುತ್ತದೆ, ಹಸಿರು ಗುರುತು ಬೀಳುತ್ತದೆ. ಸಂಜೆ ಏಳಕ್ಕೆ ಆ ದಿನದ ಅಂಕ ಕೊಡುತ್ತದೆ. ಪಟ್ಟಿಯಲ್ಲಿ ಬಾಕಿ ಇಲ್ಲದಿದ್ದರೆ ಶಭಾಷ್ ಅನ್ನುತ್ತದೆ. ಬಾಕಿ ಇದ್ದರೆ ಬಲು ವಿನಯದಿಂದ ಕೇಳುತ್ತದೆ: ನಾಳೆಗೆ ಹಾಕಲೇ? ಇನ್ನು ಒಂದು ಪುಟ್ಟ ಕೆಂಪು ಬೀಗದ ಚಿತ್ರವಿದೆ. ಆ ಬೀಗ ಹಾಕಿದ ಕೆಲಸವನ್ನು ನಾಳೆಗೆ ಹಾಕುವಂತಿಲ್ಲ. ಮಾಡಿ ಮುಗಿಸುವ ತನಕ ಫೋನು ಬಡಿದುಕೊಳ್ಳುತ್ತಲೇ ಇರುತ್ತದೆ.

ಸಾಹೇಬರಿಗೆ ಕಳೆದುಹೋದ ಕಾರ್ಖಾನೆ ಮತ್ತೆ ಸಿಕ್ಕಂತಾಯಿತು. ಒಂದು ಪರದೆ ನೇತುಹಾಕುವುದನ್ನು ಐದು ಕೆಲಸವಾಗಿ ಸೀಳಿದರು. ಏಣಿ ತರುವುದು, ಅಳತೆ ಹಿಡಿಯುವುದು, ಕೊಕ್ಕೆ ಎಣಿಸುವುದು, ಪರದೆ ಹಾಕುವುದು, ಏಣಿ ವಾಪಸ್ ಇಡುವುದು. ಐದು ಟಿಂಗ್. ಹಲ್ಲುಜ್ಜಿ ಬಂದ ಮೇಲೆ ಹಲ್ಲುಜ್ಜುವುದು ಅಂತ ಬರೆದು ಅದಕ್ಕೂ ಒಂದು ಹಸಿರು ಗುರುತು ಹಾಕಿಕೊಂಡ ಪುಣ್ಯಾತ್ಮ ಇವರೊಬ್ಬರೇ ಇರಬೇಕು. ಹೆಂಡತಿಯ ಪಾಲಿಗೆ ಬಂದ ಕೆಲಸಗಳಿಗೆ ಮಾತ್ರ ಕೆಂಪು ಬೀಗ. ಆರೂವರೆಗೆ ಕಾಫಿ, ಬೀಗ. ಹನ್ನೊಂದಕ್ಕೆ ಮಂಡಿ ವ್ಯಾಯಾಮ ಇಪ್ಪತ್ತು ಸಲ, ಬೀಗ. ಒಮ್ಮೆ ಅವಳು ತುಟಿಗಳ ನಡುವೆ ಏಳೆಂಟು ಗುಂಡುಪಿನ್ನು ಕಚ್ಚಿಕೊಂಡು ಅಂಚು ಮಡಿಸುತ್ತಿದ್ದಾಗ ದಾರದ ಡಬ್ಬಿಯ ಮೇಲೆ ಫೋನು ಬೊಬ್ಬೆ ಹೊಡೆಯಿತು. ಬಾಯಿ ತೆರೆದು ನಾಲ್ಕು ಮಾತು ಅನ್ನುವ ಭಾಗ್ಯವೂ ಆಗ ಇರಲಿಲ್ಲ.

ಇಷ್ಟಾದರೂ ಅವಳು ನಕ್ಕುಬಿಡುತ್ತಿದ್ದಳು. ಗಂಡ ಕೆಟ್ಟವರಲ್ಲ. ಹೋದ ವರ್ಷ ಅವಳ ಬಲ ಮಂಡಿ ಬದಲಾಯಿಸಿದಾಗ ಹೊತ್ತುಹೊತ್ತಿಗೆ ಮಾತ್ರೆ ಕೊಟ್ಟು, ಕೈ ಹಿಡಿದು ನಡೆಸಿದವರು. ನಗು ಆರಿದ್ದು ಅಕ್ಕನ ಮನೆಯಿಂದ ಫೋನು ಬಂದ ಬುಧವಾರ.

ಅಕ್ಕ ಅವಳಿಗಿಂತ ಒಂಬತ್ತು ವರ್ಷಕ್ಕೆ ದೊಡ್ಡವಳು. ಅಮ್ಮ ತೀರಿಕೊಂಡಾಗ ಇವಳಿಗೆ ಏಳು. ತಲೆ ಬಾಚಿದ್ದು, ಜ್ವರ ಬಂದಾಗ ಹಣೆಗೆ ಒದ್ದೆ ಬಟ್ಟೆ ಇಟ್ಟದ್ದು, ಸೂಜಿಗೆ ದಾರ ಪೋಣಿಸಲು ಕಲಿಸಿದ್ದು ಎಲ್ಲ ಅಕ್ಕನೇ. ಹೊಲಿಗೆ ಕಲಿಸುವಾಗ ಅಕ್ಕ ಕಣ್ಣಿಗಿಂತ ಬೆರಳನ್ನೇ ಹೆಚ್ಚು ನಂಬುತ್ತಿದ್ದಳು. ತಂಗಿ ಹಾಕಿದ ಹೊಲಿಗೆಯ ಮೇಲೆ ಹೆಬ್ಬೆರಳು ಸವರಿ, ಇಲ್ಲಿ ಯಾರ ಮೇಲೋ ಮುನಿಸಿಕೊಂಡಿದ್ದೆ, ದಾರ ಎಳೆದುಬಿಟ್ಟಿದ್ದೀಯ, ಬಟ್ಟೆ ಸುಕ್ಕಾಗಿದೆ, ಬಿಚ್ಚು ಅನ್ನುತ್ತಿದ್ದಳು. ಅದು ಒಂದು ದಿನವೂ ತಪ್ಪಾದದ್ದಿಲ್ಲ.

ಫೋನು ಮಾಡಿದ್ದು ಅಕ್ಕನ ಮಗಳು. ಅಮ್ಮನ ಬಲಗಣ್ಣು ಆಗಲೇ ಹೋಗಿದೆ, ಈಗ ಎಡಗಣ್ಣಿಗೂ ಅದೇ ಕಾಯಿಲೆ. ಇನ್ನು ಎರಡು ತಿಂಗಳೋ ಮೂರೋ, ಬೇಗನೂ ಆಗಬಹುದು, ಹೋದದ್ದು ವಾಪಸ್ ಬರುವುದಿಲ್ಲ ಅಂದಿದ್ದಾರಂತೆ ಡಾಕ್ಟರು. ಆಮೇಲೆ ಅಕ್ಕ ಫೋನು ಇಸಿದುಕೊಂಡಳು. ಅಳಲಿಲ್ಲ, ಏನಿಲ್ಲ.

"ಕಣ್ಣಿರೋವಾಗ್ಲೇ ಒಂದ್ಸಲ ಬಂದು ಹೋಗೇ," ಅಂದಳು. "ನಿನ್ನ ಮುಖ ಸರಿಯಾಗಿ ನೋಡಿಟ್ಕೊಂಡ್ಬಿಡ್ತೀನಿ. ಆಮೇಲೆ ಕತ್ತಲಾದ್ರೂ ಪರವಾಗಿಲ್ಲ."

ಫೋನು ಇಟ್ಟ ಕೂಡಲೇ ಅವಳು ಗಂಡನ ಮುಂದೆ ಹೋಗಿ ನಿಂತಳು. ಅಕ್ಕನ ಊರು ನಾಲ್ಕು ಗಂಟೆಯ ದಾರಿ. ಬಸ್ಸಿನಲ್ಲಾದರೆ ಎರಡು ಕಡೆ ಇಳಿದು ಹತ್ತಬೇಕು. ಮಂಡಿ ಮಾಡಿದ ಡಾಕ್ಟರು ಒಂದು ವರ್ಷ ಬಸ್ಸಿನ ಮೆಟ್ಟಿಲು ಹತ್ತಬೇಡಿ ಅಂದಿದ್ದರು, ಅದಕ್ಕೆ ಇನ್ನೂ ನಾಲ್ಕು ತಿಂಗಳಿತ್ತು. ಕೆಳಗೆ ಕಾರು ನಿಂತಿತ್ತು. ಸಾಹೇಬರು ಒಂದು ಎದುರು ಮಾತೂ ಆಡಲಿಲ್ಲ. ಪಾಪ, ಹೋಗಲೇಬೇಕು, ನಾನೇ ಕರಕೊಂಡು ಹೋಗ್ತೀನಿ ಅಂದರು. ಕನ್ನಡಕ ಏರಿಸಿ ಅವಳ ಕಣ್ಣೆದುರೇ ಬರೆದರು: ಕೆಲಸ, ಅಕ್ಕನ ಮನೆ. ಯಾರು, ನಾನು, ಕಾರು ಸಮೇತ. ಯಾವತ್ತು, ಭಾನುವಾರ.

"ನೋಡು, ಹಾಕಿದ್ದೀನಿ," ಅಂದರು.

ಆ ಭಾನುವಾರ ಕಟ್ಟಡದ ನೀರಿನ ಟ್ಯಾಂಕು ತೊಳೆಸುವುದಿತ್ತು. ಮುಂದಿನ ಭಾನುವಾರ ಕಾರಿನ ಚಕ್ರ ಒಂದು ಕಡೆಗೆ ಎಳೆಯುತ್ತಿದೆ ಅನ್ನಿಸಿತು. ಅದರ ಮುಂದಿನದಕ್ಕೆ ಅಟ್ಟದ ಮೇಲಿನ ಡಬ್ಬಗಳಿಗೆ ನಂಬರು ಬರೆಯುವುದು ಅರ್ಧಕ್ಕೆ ನಿಂತಿತ್ತು. ಅವಳಿಗೆ ಗಂಡನ ಸ್ವಭಾವ ಗೊತ್ತಿತ್ತು. ಅವರನ್ನು ಎಬ್ಬಿಸುವ ವಿದ್ಯೆಯೂ ಗೊತ್ತಿತ್ತು. ಮೂವತ್ತು ವರ್ಷದ ಸಂಸಾರದಲ್ಲಿ ಅವಳು ಬೇಡಿದ್ದೆಲ್ಲ ಆದದ್ದು ಮೂರನೇ ಸಲ ಹೇಳಿದಾಗ. ಮೊದಲನೇ ಸಲಕ್ಕೆ ಹ್ಞೂಂ ಅನ್ನುತ್ತಿದ್ದರು, ಎರಡನೇ ಸಲಕ್ಕೆ ರೇಗುತ್ತಿದ್ದರು, ಮೂರನೇ ಸಲಕ್ಕೆ ಏಳುತ್ತಿದ್ದರು. ಈ ಸಲವೂ ಅವಳು ಮೂರನೇ ಸಲ ಹೇಳಿದಳು. ಅವರು ರೇಗಲೂ ಇಲ್ಲ, ಏಳಲೂ ಇಲ್ಲ.

"ಪಟ್ಟಿಯಲ್ಲಿದೆಯಲ್ಲ," ಅಂದರು ಸಮಾಧಾನವಾಗಿ. "ನೆನಪಿಸೋ ಕೆಲಸ ಆ್ಯಪ್‌ದು, ನಿಂದಲ್ಲ. ನೀನ್ಯಾಕೆ ತಲೆ ಕೆಡಿಸ್ಕೊಳ್ತೀಯ?"

ನೋಡಿ, ಅಲ್ಲಿಗೆ ಅವಳ ಬಾಯಿ ಕಟ್ಟಿತು. ಹೇಳಬೇಕೆಂದರೆ ಹೇಳಿಯಾಗಿದೆ, ಬರೆಯಬೇಕೆಂದರೆ ಬರೆದಾಗಿದೆ, ಒಪ್ಪಬೇಕಾದವರು ಒಪ್ಪಿದ್ದಾರೆ. ಇನ್ನು ಜಗಳಕ್ಕೆ ಎಲ್ಲಿ ಕಾಲೂರುವುದು? ಇಲ್ಲ ಅಂದ ಮನುಷ್ಯನ ಹತ್ತಿರ ಗುದ್ದಾಡಬಹುದು. ಆಗಲಿ ಅಂದು ಕೂತವರನ್ನು ಏನು ಮಾಡುವುದು? ಮಗಳಿಗೆ ಹೇಳಿದಳು. ಮಗಳು ಅಪ್ಪನಿಗೆ ಫೋನು ಮಾಡಿದಳು. ಅಪ್ಪ ಅವಳಿಗೂ ಅದನ್ನೇ ಹೇಳಿ, ಹಾಕಿದ್ದೀನಮ್ಮ ಅಂದು ಅವಳನ್ನೂ ಮೆಚ್ಚಿಸಿಬಿಟ್ಟರು. ಅಕ್ಕನ ಮನೆಗೆ ಇವಳು ಎರಡು ದಿನಕ್ಕೊಮ್ಮೆ ಫೋನು ಮಾಡುತ್ತಿದ್ದಳು. ಅಕ್ಕ ಹೇಗಿದ್ದೀಯ ಅಂದರೆ ಚೆನ್ನಾಗಿದ್ದೀನಿ ಅನ್ನುತ್ತಿದ್ದಳು. ಬಿಡುವಾದಾಗ ಬಾ, ಮಂಡಿ ಜೋಪಾನ ಅನ್ನುತ್ತಿದ್ದಳು. ಕೊನೆಕೊನೆಗೆ ಯಾವಾಗ ಬರ್ತೀಯ ಅಂತ ಕೇಳುವುದನ್ನು ಬಿಟ್ಟಳು. ಕೇಳುವುದು ಬಿಟ್ಟದ್ದೇ ಇವಳಿಗೆ ಚುಚ್ಚಿತು.

ಎಂಟು ವಾರ ದಾಟಿದ ಮೇಲೆ ಒಂದು ಮಂಗಳವಾರ ಮಧ್ಯಾಹ್ನ, ಊಟವಾಗಿ ಸಾಹೇಬರು ಒರಗಿದ್ದರು. ಅವಳು ಬಟ್ಟೆಯಂಗಡಿಯವನಿಗೆ ಫೋನು ಮಾಡಲು ಹೋದಾಗ ಬೆರಳು ಜಾರಿ ಆ ಹಾಳು ಪಟ್ಟಿ ತೆರೆದುಕೊಂಡಿತು. ಯಾವತ್ತೂ ತನ್ನ ಪಾಲಿನ ಬೀಗಗಳನ್ನಷ್ಟೇ ನೋಡುತ್ತಿದ್ದವಳು ಅಂದು ಅಕ್ಕನ ಮನೆ ಅನ್ನುವುದರ ಮೇಲೆ ಬೆರಳಿಟ್ಟಳು. ಅದರ ಕೆಳಗೆ ಇರುವೆ ಸಾಲಿನಂಥ ಬೂದು ಅಕ್ಷರ. ಕನ್ನಡಕ ಸರಿಮಾಡಿಕೊಂಡು ಓದಿದಳು. ಐವತ್ತೆಂಟು ಸಲ ಮುಂದೆ ಹಾಕಲಾಗಿದೆ. ಅವಳು ಅದನ್ನು ಎರಡು ಸಲ ಓದಿದಳು. ಮೊದಲ ಭಾನುವಾರದಿಂದ ಹಿಡಿದು ದಿನಾ ಸಂಜೆಗೊಂದು ಸಲ. ಆಮೇಲೆ ಗಂಡನ ಅಂಕಗಳ ಪುಟ ತೆರೆದಳು. ಅಲ್ಲಿ ದಿನಾಲೂ ನೂರಕ್ಕೆ ನೂರು. ಆ ಐವತ್ತೆಂಟು ದಿನವೂ ನೂರಕ್ಕೆ ನೂರು.

ಒರಗಿದ್ದವರನ್ನು ಅಲ್ಲಾಡಿಸಿ ಎಬ್ಬಿಸಿದಳು.

"ಹೋಗಿಲ್ಲ, ಬಂದಿಲ್ಲ. ನೂರಕ್ಕೆ ನೂರು ಹೇಗ್ರೀ ಬಂತು?"

ಸಾಹೇಬರು ಕಣ್ಣುಜ್ಜಿಕೊಂಡು ಎದ್ದು ಕೂತರು. ಅವರಿಗೆ ಪ್ರಶ್ನೆ ಅರ್ಥವಾಯಿತು, ಕೋಪ ಅರ್ಥವಾಗಲಿಲ್ಲ. ತಾಳ್ಮೆಯಿಂದ ಬಿಡಿಸಿ ಹೇಳಿದರು. ನಾಳೆಗೆ ಹಾಕಿದ ಕೆಲಸ ಇವತ್ತಿನ ಬಾಕಿಗೆ ಬರುವುದಿಲ್ಲ. ಕಾರ್ಖಾನೆಯಲ್ಲೂ ಅದೇ ಪದ್ಧತಿ. ಪಾಳಿ ಮುಗಿಯುವ ಹೊತ್ತಿಗೆ ಆಗದೆ ಉಳಿದದ್ದನ್ನು ಮುಂದಿನ ಪಾಳಿಗೆ ಬರೆದುಬಿಡುವುದು. ಅಲ್ಲಿಗೆ ನಮ್ಮ ಹಾಳೆ ಚೊಕ್ಕ. ಮೂವತ್ನಾಲ್ಕು ವರ್ಷದಲ್ಲಿ ತಮ್ಮ ಪಾಳಿಯ ಹಾಳೆಯಲ್ಲಿ ಒಂದು ಬಾಕಿಯೂ ಉಳಿದದ್ದಿಲ್ಲ ಅಂತ ಸೇರಿಸಿದರು. ಅದನ್ನು ಹೇಳುವಾಗ ಅವರ ಬೆನ್ನು ತಾನಾಗಿ ನೆಟ್ಟಗಾಯಿತು.

"ಅಲ್ಲಿ ಮುಂದಿನ ಪಾಳಿಗೆ ಬೇರೆಯವರು ಬರ್ತಿದ್ರು," ಅಂದಳು ಅವಳು. "ಇಲ್ಲಿ ಯಾರು ಬರ್ತಾರ್ರೀ? ನಾಳೆನೂ ನೀವೇ ಅಲ್ವಾ?"

ಸಾಹೇಬರು ಫೋನು ಕೈಗೆತ್ತಿಕೊಂಡು, ಈ ಭಾನುವಾರ ಖಂಡಿತ, ಪಟ್ಟಿಯಲ್ಲೇ ಇದೆ ನೋಡು ಅಂದರು. ಮುಂದೆ ಕೇಳುವುದಕ್ಕೆ ಅವಳು ಅಲ್ಲಿ ನಿಲ್ಲಲಿಲ್ಲ. ಬಂದು ಮಿಷನ್ನಿನ ಮುಂದೆ ಕೂತಳು. ಅಕ್ಕನನ್ನು ನೋಡಲು ಹೋಗುವಾಗ ಹಾಕಿಕೊಳ್ಳಬೇಕೆಂದು ತಿಳಿನೀಲಿ ಹತ್ತಿಯ ಉದ್ದ ತೋಳಿನ ಕುರ್ತಾವೊಂದನ್ನು ಕತ್ತರಿಸಿ ಹೊಲಿದಿಟ್ಟಿದ್ದಳು, ತೋಳಿನ ಅಂಚು ಮಾತ್ರ ಬಾಕಿ. ಅದನ್ನು ಕೈಯಲ್ಲೇ ಹೊಲಿದಳು. ಒಂದೊಂದು ಹೊಲಿಗೆಗೂ ದಾರ ಕಿರ್ರೆನ್ನುವಂತೆ ಎಳೆದಳು. ಸಂಜೆ ಏಳಕ್ಕೆ ಒಳಗಿನಿಂದ ಗಂಡನ ಫೋನು ನಾಳೆಗೆ ಹಾಕಲೇ ಅಂತ ಕೇಳುವ ಸಣ್ಣ ಸದ್ದು ಬಂತು, ಐವತ್ತೊಂಬತ್ತನೆಯದು.

ಮರುದಿನ ಬೆಳಗ್ಗೆ ಸಾಹೇಬರು ಮಾಳಿಗೆ ಹತ್ತಿ ಟ್ಯಾಂಕಿನ ನೀರಿಗೆ ಕೋಲು ಇಳಿಸಿ ಅಳೆಯುತ್ತಿದ್ದರು. ಅವಳು ಕೆಳಗಿನಿಂದ, ಹೋಗಿ ಬರ್ತೀನ್ರೀ ಅಂದಳು. ಅಂಗಡಿಗೆ ಅಂದುಕೊಂಡು ಅವರು ಹ್ಞೂಂ ಅಂದರು. ಅವಳು ಆ ಹೊಸ ಕುರ್ತಾ ತೊಟ್ಟುಕೊಂಡು ಬಸ್ಸು ಹಿಡಿದಳು. ಹತ್ತುವಾಗ ಒಳ್ಳೆಯ ಕಾಲು ಮೊದಲು, ಇಳಿಯುವಾಗ ಹೊಸ ಮಂಡಿಯ ಕಾಲು ಮೊದಲು, ಆಸ್ಪತ್ರೆಯಲ್ಲಿ ಹೇಳಿಕೊಟ್ಟದ್ದನ್ನು ಬಾಯಲ್ಲಿ ಗುಣುಗುಣಿಸುತ್ತ ಮೂರು ಬಸ್ಸು ಹತ್ತಿ ಇಳಿದಳು. ಮೂರನೆಯದರ ಮೆಟ್ಟಿಲು ಸೊಂಟದೆತ್ತರ ಇತ್ತು. ಕಂಡಕ್ಟರು, ಬೇಗ ಅಮ್ಮಾ ಬೇಗ ಅಂದ. ಅವಳು ಅವನನ್ನು ನೋಡಿದ ನೋಟಕ್ಕೆ ಅವನೇ ಇಳಿದು ಕೈ ಕೊಟ್ಟ. ದಾರಿಯುದ್ದಕ್ಕೂ ತೊಡೆಯ ಮೇಲಿನ ಚೀಲದಲ್ಲಿ ಫೋನು ಬಡಿದುಕೊಳ್ಳುತ್ತಿತ್ತು. ಹನ್ನೊಂದು ಗಂಟೆ, ಮಂಡಿ ವ್ಯಾಯಾಮ ಇಪ್ಪತ್ತು ಸಲ.

ಅಕ್ಕನ ಮನೆ ಮುಟ್ಟುವಾಗ ಮಧ್ಯಾಹ್ನ ಎರಡು ದಾಟಿತ್ತು. ಅಕ್ಕ ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕೂತಿದ್ದಳು. ಇವಳ ದನಿ ಕೇಳಿದ್ದೇ ಮುಖ ಅರಳಿತು. ಇವಳು ಎದುರಿಗೆ ಸ್ಟೂಲು ಎಳೆದುಕೊಂಡು ಕೂತಳು. ಮುಖಕ್ಕೆ ಮುಖ ಕೊಟ್ಟು, ನೋಡ್ಕೊಳ್ಳೇ ಅಕ್ಕ, ಬಂದಿದ್ದೀನಿ ಅಂದಳು. ಅಕ್ಕ ಇವಳ ಕಡೆ ತಿರುಗಿದಳು. ಒಂದು ಕ್ಷಣ ಹಾಗೇ ಇದ್ದು, ಆಮೇಲೆ ಮುಖವನ್ನು ಕಿಟಕಿಯ ಕಡೆ ತಿರುಗಿಸಿಬಿಟ್ಟಳು.

ಅಕ್ಕನಿಗೆ ಕೋಪ ಬಂದಿದೆ, ಬರದೆ ಏನು, ಎರಡು ತಿಂಗಳು ಕಾಯಿಸಿದ್ದೇನೆ ಅಂದುಕೊಂಡಳು. ಅಕ್ಕನ ಮಗಳು ಬಾಗಿಲಲ್ಲಿ ನಿಂತಿದ್ದಳು. ಅವಳೇ ಮೆಲ್ಲಗೆ ಹೇಳಿದಳು. ಚಿಕ್ಕಮ್ಮ, ಕೋಪ ಅಲ್ಲ. ಎಡಗಣ್ಣಿನ ನಡುಭಾಗ ಹೋಗಿಬಿಟ್ಟಿದೆ, ಬದಿ ಮಾತ್ರ ಉಳಿದಿದೆ. ಹದಿನೇಳು ದಿನವಾಯಿತು. ಆ ಭಾನುವಾರ ಬೆಳಗ್ಗೆ ಎದ್ದಾಗ ಹೀಗಾಗಿತ್ತು. ನಿನಗೆ ಹೇಳಬಾರದು ಅಂತ ಅಮ್ಮನೇ ಆಣೆ ಹಾಕಿಸಿಕೊಂಡಿದ್ದಳು.

"ನೇರ ನೋಡಿದ್ರೆ ನೀನೇ ಇರಲ್ಲ ಕಣೇ," ಅಂದಳು ಅಕ್ಕ ಕಿಟಕಿಯನ್ನೇ ನೋಡುತ್ತ. "ಹೀಗೆ ಆಚೆ ತಿರುಗಿದ್ರೆ ಒಂಚೂರು ಸಿಗ್ತೀಯ. ಕಿವಿ, ಕೂದಲು. ಬೆಳ್ಳಗಾಗಿದೆ ಅಲ್ವಾ ಕೂದಲು? ಕಣ್ಣು ಮೂಗು ಗೊತ್ತಾಗಲ್ಲ."

ಹದಿನೇಳು ದಿನ. ಅವಳು ಕೂತಲ್ಲೇ ಲೆಕ್ಕ ಹಾಕಿದಳು. ಆ ಭಾನುವಾರಕ್ಕಿಂತ ಮೊದಲು ಆರು ಭಾನುವಾರಗಳಿದ್ದವು. ಟ್ಯಾಂಕು, ಚಕ್ರ, ಅಟ್ಟದ ಡಬ್ಬ, ಇನ್ನು ಮೂರು ಯಾವುದಕ್ಕೆ ಹೋದವೋ ಅವಳಿಗೆ ನೆನಪಾಗಲಿಲ್ಲ. ಆರರಲ್ಲಿ ಒಂದು ಸಾಕಿತ್ತು. ಮಂಡಿ ಹಾಳಾಗಿ ಹೋಗಲಿ ಅಂತ ತಾನೇ ಬಸ್ಸು ಹತ್ತಿದ್ದರೂ ಸಾಕಿತ್ತು. ಹತ್ತಲಿಲ್ಲವಲ್ಲ, ಪಟ್ಟಿಯಲ್ಲಿದೆ ಅಂದದ್ದನ್ನು ನಂಬಿ ಕೂತೆನಲ್ಲ ಅಂತ ತನ್ನ ಮೇಲೂ ಸಿಟ್ಟು ಬಂತು.

ಅಕ್ಕ ಕೈ ಚಾಚಿ ಅವಳ ಮುಂಗೈ ಹಿಡಿದಳು. ಬೆರಳು ತಾನಾಗಿ ತೋಳಿನ ಅಂಚಿಗೆ ಹೋಯಿತು. ಹೆಬ್ಬೆರಳು ಹೊಲಿಗೆಯ ಮೇಲೆ ಒಂದು ಸುತ್ತು ಹೋಗಿ ಬಂತು.

"ಹೊಸದು. ನೀನೇ ಹೊಲಿದದ್ದು," ಅಂದಳು ಅಕ್ಕ. "ದಾರ ಇಷ್ಟು ಎಳೆದಿದ್ದೀಯಲ್ಲೇ. ಯಾರ ಮೇಲೆ ಕೋಪ?"

ಅವಳು ಉತ್ತರ ಕೊಡುವ ಮೊದಲು ಚೀಲದಲ್ಲಿ ಟಿಂಗ್ ಅಂದಿತು. ಬೀಗದ ಬೊಬ್ಬೆಯಲ್ಲ, ಕೆಲಸ ಮುಗಿದಾಗಿನ ಸದ್ದು. ಅವಳು ಫೋನು ತೆಗೆದು ನೋಡಿದಳು. ಹೆಂಡತಿ ಎಲ್ಲಿಗೆ ಹೋಗಿದ್ದಾಳೆ ಅಂತ ಸಾಹೇಬರಿಗೆ ಮಗಳಿಂದಲೋ ಹೇಗೋ ಅಷ್ಟರಲ್ಲಿ ತಿಳಿದಿರಬೇಕು. ತಿಳಿದ ಮೇಲೆ ಅವರು ಮಾಡಿದ ಮೊದಲ ಕೆಲಸ ಇದು. ಅಕ್ಕನ ಮನೆ, ಮುಗಿಯಿತು. ಹಸಿರು ಗುರುತು. ಅವರ ಪಾಲಿಗೆ ಬಾಕಿ ಏನೂ ಇಲ್ಲ.

ಅವಳು ಆ ಹಸಿರಿನ ಮೇಲೆ ಬೆರಳಿಟ್ಟು ಗುರುತನ್ನು ಅಳಿಸಿದಳು. ಆ್ಯಪ್ಪಿನಲ್ಲಿ ಅವಳು ತಾನಾಗಿ ಏನನ್ನಾದರೂ ಬರೆದದ್ದು ಅದೇ ಮೊದಲು, ಒಂದೊಂದೇ ಅಕ್ಷರ ಹುಡುಕಿ ಒತ್ತಿದಳು. ಕೆಲಸ, ಅಕ್ಕನ ಮನೆಗೆ ಬಂದು ಅಕ್ಕನ ಎದುರು ಕೂರುವುದು. ಯಾರು, ನೀವು. ಯಾವತ್ತು, ನಾಳೆ. ಎಲ್ಲ ಬರೆದಾದ ಮೇಲೆ ಕೆಂಪು ಬೀಗದ ಚಿತ್ರ ಎಲ್ಲಿದೆ ಅಂತ ಹುಡುಕಿ ಅದನ್ನೂ ಒತ್ತಿದಳು.

ಎರಡು ನಿಮಿಷವೂ ಆಗಿರಲಿಲ್ಲ, ಫೋನು ಬಂತು. ಗಂಡನೇ. ಅವಳು ಎತ್ತಲಿಲ್ಲ. ನಿಂತು ಮತ್ತೆ ಹೊಡೆದುಕೊಂಡಿತು.

"ಎತ್ತೇ, ಏನೋ ಹೇಳೋಕಿರಬೇಕು," ಅಂದಳು ಅಕ್ಕ.

"ಹೇಳೋದೆಲ್ಲ ಪಟ್ಟಿಯಲ್ಲಿದೆ ಅಕ್ಕ," ಅಂದು ಅವಳು ಫೋನನ್ನು ಚೀಲದ ತಳಕ್ಕೆ ತುರುಕಿ, ಸ್ಟೂಲನ್ನು ಇನ್ನಷ್ಟು ಹತ್ತಿರಕ್ಕೆ ಎಳೆದುಕೊಂಡಳು. ಕೆನ್ನೆ ಒರೆಸಿಕೊಂಡು, ಬೆಳಕು ಬೀಳುವ ಹಾಗೆ ತಲೆ ಎತ್ತಿ ಅಲ್ಲಾಡದೆ ಕೂತಳು. ಅವಳನ್ನು ನೋಡುವುದಕ್ಕೆಂದು ಅಕ್ಕ ಮತ್ತೆ ಕಿಟಕಿಯ ಕಡೆಗೆ ಮುಖ ತಿರುಗಿಸಿದಳು.